ಅವರು ಅನುಕೂಲಸ್ಥರು, ಇವಳದು ಷೋಕಿ

ಮೈಸೂರಿನ ನಮ್ಮ ಬೀದಿಯಲ್ಲಿ ಒಬ್ಬ ಹೆಂಗಸು ಹೊಸ ರೇಷ್ಮೆ ಸೀರೆ ಉಟ್ಟು ಹೊರಬಿದ್ದರೆ ಎರಡು ಮಾತುಗಳಲ್ಲಿ ಒಂದು ಕಟ್ಟಿಟ್ಟದ್ದು. ಉಟ್ಟವರು ವಕೀಲರ ಮನೆಯವರಾದರೆ ‘ಅವರಿಗೇನು ಬಿಡಿ, ಅನುಕೂಲಸ್ಥರು’ ಎನ್ನುತ್ತಿದ್ದರು. ಉಟ್ಟವಳು ಮಿಲ್ಲಿನಲ್ಲಿ ದುಡಿಯುವವನ ಹೆಂಡತಿಯೋ ಹೂ ಕಟ್ಟಿ ಮಾರುವಾಕೆಯೋ ಆದರೆ ‘ನೋಡಿದಿರಾ ಇವಳ ಷೋಕಿ!’ ಎನ್ನುತ್ತಿದ್ದರು. ಸೀರೆ ಒಂದೇ ಕಾರ್ಖಾನೆಯದು, ಜರಿ ಒಂದೇ, ಕೊಟ್ಟ ದುಡ್ಡೂ ಒಂದೇ. ಬದಲಾದದ್ದು ವ್ಯಾಕರಣ. ಬಹುವಚನ ಹೋಗಿ ಏಕವಚನ ಬಂದಿರುತ್ತಿತ್ತು.

‘ಅನುಕೂಲಸ್ಥರು’ ಎಂಬುದು ಬಹಳ ಜಾಣ ಮಾತು. ‘ಶ್ರೀಮಂತರು’ ಎಂದರೆ ಸ್ವಲ್ಪ ದೂರ ಇಟ್ಟ ಹಾಗಾಗುತ್ತದೆ, ‘ದುಡ್ಡಿನ ಕುಳ’ ಎಂದರೆ ಹೇಳಿದವರ ಹೊಟ್ಟೆಕಿಚ್ಚು ಹೊರಗೆ ಕಾಣುತ್ತದೆ. ಅನುಕೂಲಸ್ಥರು ಎಂದುಬಿಟ್ಟರೆ ಆ ಹಣ ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಾಗಿಲ್ಲ. ಮನೆಗೆ ಗಾಳಿ ಬೆಳಕು ಇರುವ ಹಾಗೆ ಅದೂ ಇದೆ, ಅಷ್ಟೆ. ಷೋಕಿಗೆ ಆ ಭಾಗ್ಯವಿಲ್ಲ. ಷೋಕಿ ಎಂದ ಕೂಡಲೇ ದುಡ್ಡು ಎಲ್ಲಿಯದು, ಯಾರ ಹೊಟ್ಟೆ ಕಟ್ಟಿ ತಂದದ್ದು, ಗಂಡನ ಸಂಪಾದನೆ ಎಷ್ಟು ಎಂಬ ಲೆಕ್ಕವೆಲ್ಲ ಎದುರುಮನೆಯ ಜಗಲಿಯ ಮೇಲೆ ಬಂದು ಬೀಳುತ್ತದೆ. ಈ ಎರಡು ಮಾತುಗಳ ನಡುವೆಯೇ ನಮ್ಮ ಹೆಂಗಸರು ಮೂರು ನಾಲ್ಕು ತಲೆಮಾರುಗಳಿಂದ ಅಂಗಡಿಗೆ ಹೋಗಿ ಬರುತ್ತಿದ್ದಾರೆ. ನಾನು ಅರ್ಥಶಾಸ್ತ್ರ ಓದಿದವಳಲ್ಲ. ಆದರೆ ಚರಿತ್ರೆಯ ಪುಸ್ತಕಗಳನ್ನು ಓದುವ ಚಟ ಇದೆ, ಅಂಗಡಿ ಮೆಟ್ಟಿಲು ಹತ್ತಿ ಇಳಿದ ಅನುಭವವೂ ಸಾಕಷ್ಟಿದೆ. ಎರಡನ್ನೂ ಸೇರಿಸಿ ನೋಡಿದಾಗ ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಹಣದ ವಿಷಯ ಬಂದಾಗ ಕನ್ನಡಿಗರಿಗೆ ಮೊದಲು ನೆನಪಾಗುವ ಕಥೆ ಪುರಂದರದಾಸರದು. ವಿಜಯನಗರದ ವೈಭವ ಉತ್ತುಂಗದಲ್ಲಿದ್ದ ಕಾಲ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯಲ್ಲಿ ಅರಮನೆಯ ಹೆಂಗಸರು ಹೊತ್ತಿದ್ದ ಚಿನ್ನದ ಭಾರವನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಆ ಚಿನ್ನ ಯಾರದು, ಹೊತ್ತವರದೋ ಹೊರಿಸಿದವರದೋ ಎಂದು ಅವನೇನೂ ವಿಚಾರಿಸಲಿಲ್ಲ. ಅದೇ ಕಾಲದ ಶ್ರೀನಿವಾಸನಾಯಕನ ಕಥೆಯಲ್ಲಿ ಆ ಪ್ರಶ್ನೆ ಇದೆ. ಬಡ ಬ್ರಾಹ್ಮಣ ಬೇಡುತ್ತ ಬರುತ್ತಾನೆ, ಜಿಪುಣ ನಾಯಕ ಕೊಡುವುದಿಲ್ಲ, ನಾಯಕನ ಹೆಂಡತಿ ತನ್ನ ಮೂಗುತಿಯನ್ನೇ ಬಿಚ್ಚಿ ಕೊಡುತ್ತಾಳೆ. ಬ್ರಾಹ್ಮಣ ಅದನ್ನು ತಂದು ನಾಯಕನ ಅಂಗಡಿಗೇ ಹಾಕುತ್ತಾನೆ. ಗಂಡ ಮನೆಗೆ ಬಂದು ಮೂಗುತಿ ಎಲ್ಲಿ ಎಂದು ಕೇಳಿದಾಗ ಆಕೆ ವಿಷ ಕುಡಿಯಲು ಹೊರಡುತ್ತಾಳೆ. ಮುಂದಿನ ಪವಾಡ ನಿಮಗೆ ಗೊತ್ತೇ ಇದೆ. ಬಟ್ಟಲಿನಲ್ಲಿ ಮೂಗುತಿ ಸಿಗುತ್ತದೆ, ನಾಯಕ ಎಲ್ಲವನ್ನೂ ದಾನ ಮಾಡಿ ದಾಸರಾಗುತ್ತಾನೆ. ಹರಿಕಥೆಯಲ್ಲಿ ಈ ಭಾಗ ಬಂದಾಗ ಎಲ್ಲರೂ ಪವಾಡಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಕಣ್ಣು ಹೋಗುವುದು ವಿಷದ ಬಟ್ಟಲಿನ ಕಡೆಗೆ. ಮೂಗುತಿ ತವರಿನಿಂದ ಬಂದದ್ದು, ತನ್ನದು ಎಂಬ ಧೈರ್ಯದಿಂದಲೇ ಆಕೆ ಕೊಟ್ಟದ್ದು. ತನ್ನದನ್ನು ತಾನು ಕೊಟ್ಟದ್ದಕ್ಕೆ ಸಾಯಲು ಹೊರಡಬೇಕಾಯಿತಲ್ಲ!

ಸ್ತ್ರೀಧನವೆಂಬುದು ಶಾಸ್ತ್ರದಲ್ಲಿ ಮೊದಲಿನಿಂದಲೂ ಇತ್ತು. ಶಾಸ್ತ್ರದಲ್ಲಿರುವುದು ಬೇರೆ, ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಬೇರೆ. ಈ ವಿಷಯದಲ್ಲಿ ಮೈಸೂರು ಸಂಸ್ಥಾನದವರು ಹೆಮ್ಮೆ ಪಡಬಹುದಾದ ಒಂದು ಸಂಗತಿಯಿದೆ. 1933ರಲ್ಲಿಯೇ ಇಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಬಂತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಗಂಡನ ಆಸ್ತಿಯಲ್ಲಿ ಸೀಮಿತ ಹಕ್ಕು ಕೊಟ್ಟ ಕಾಯಿದೆ ಬಂದದ್ದು 1937ರಲ್ಲಿ. ಮೈಸೂರಿನ ಕಾಯಿದೆ ಹೆಂಗಸಿನ ಒಡವೆ ವಸ್ತ್ರಗಳನ್ನು ಸ್ತ್ರೀಧನವೆಂದು ಬಾಯಿಬಿಟ್ಟು ಹೇಳಿತು. ನಮ್ಮ ಅಜ್ಜಿಗೆ ಇದೊಂದೂ ತಿಳಿದಿರಲಿಲ್ಲ. ಆದರೆ ಅವರ ನಾಲ್ಕು ಬಳೆಗಳ ವಿಷಯಕ್ಕೆ ತಾತ ಬಾಯಿ ಹಾಕಿದರೆ, ‘ಅದು ನಮ್ಮಪ್ಪ ಕೊಟ್ಟಿದ್ದು ಕಣ್ರೀ’ ಎಂದು ಅಡಿಗೆಮನೆಯಿಂದಲೇ ಹೇಳುತ್ತಿದ್ದರಂತೆ.

ಇನ್ನು ಸೀರೆಗೆ ಬರೋಣ. ಮೈಸೂರು ಸೀಮೆಗೆ ಹಿಪ್ಪುನೇರಳೆ ಮತ್ತು ರೇಷ್ಮೆಹುಳುವಿನ ಸಾಕಣೆಯನ್ನು ತರಿಸಿ ಬೆಳೆಸಿದವನು ಟಿಪ್ಪು ಸುಲ್ತಾನ. ಬಂಗಾಳದಿಂದ ಹುಳು ತರಿಸಿದ್ದ. ನಾವು ‘ಮೈಸೂರು ಸಿಲ್ಕ್’ ಎನ್ನುವ ಸೀರೆಯ ಕಾರ್ಖಾನೆ ಮಾತ್ರ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು. ಸ್ವಿಟ್ಜರ್ಲೆಂಡಿನಿಂದ 32 ಮಗ್ಗಗಳು ಬಂದವು. ಮೊದಮೊದಲು ನೇಯ್ದದ್ದು ಅರಮನೆಯವರಿಗೆ, ಸೇನೆಯ ಅಲಂಕಾರದ ಉಡುಪಿಗೆ. ಅಂದರೆ ಆ ಬಟ್ಟೆ ಅಂಗಡಿಯ ಗಲ್ಲಾದ ಮುಂದೆ ನಿಂತು ಚೌಕಾಸಿ ಮಾಡಿ ಕೊಳ್ಳುವಂಥದ್ದಾಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಕಾರ್ಖಾನೆ ಸರ್ಕಾರದ ರೇಷ್ಮೆ ಇಲಾಖೆಗೆ ಸೇರಿತು, 1980ರಲ್ಲಿ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಅರಮನೆಯ ಬಟ್ಟೆ ಹೀಗೆ ಗುಮಾಸ್ತರ ಹೆಂಡತಿಯ ಬಟ್ಟೆಯಾಯಿತು. ಇಷ್ಟು ದೂರ ನಡೆದು ಬಂದ ಬಟ್ಟೆ ನಮ್ಮ ನಾಡಿನಲ್ಲಿ ಇನ್ನೊಂದಿದೆಯೇ ಎಂದು ನನಗೆ ಅನುಮಾನ.

ಅದರ ರೂಪವನ್ನೇ ನೋಡಿ. ಒಡಲೆಲ್ಲ ಸಾದಾ, ಒಂದೇ ಬಣ್ಣ. ಅಂಚಿನಲ್ಲಿ ಸೆರಗಿನಲ್ಲಿ ಮಾತ್ರ ಜರಿ. ಕಂಚಿ ಸೀರೆಯ ಹಾಗೆ ಮೈತುಂಬ ಹೊಳೆಯುವುದಿಲ್ಲ, ಉಟ್ಟರೆ ನೀರಿನ ಹಾಗೆ ಇಳಿಯುತ್ತದೆ. ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ. ದೂರದಿಂದ ನೋಡಿದವರಿಗೆ ಸರಳ, ಹತ್ತಿರ ಬಂದು ಸೆರಗು ಮುಟ್ಟಿದವರಿಗೆ ಬೆಲೆ ಗೊತ್ತು. ಮೈಸೂರಿನ ಅನುಕೂಲಸ್ಥರಿಗೆ ಇದಕ್ಕಿಂತ ಹಿಡಿಸುವ ಬಟ್ಟೆ ಇನ್ನಾವುದು? ಇದ್ದದ್ದನ್ನು ತೋರಿಸಿಕೊಳ್ಳಬಾರದು, ಆದರೆ ತಿಳಿಯದೆಯೂ ಇರಬಾರದು. ಮೈಸೂರು ಸ್ಯಾಂಡಲ್ ಸೋಪಿಗೂ ಇದೇ ಮರ್ಯಾದೆ. ಮೊದಲ ಮಹಾಯುದ್ಧದಲ್ಲಿ ಗಂಧದ ಮರದ ರಫ್ತು ನಿಂತುಹೋದದ್ದರಿಂದ ಎಣ್ಣೆ ತೆಗೆಯಲು ಹೊರಟು, ಕೊನೆಗೆ ಸಾಬೂನಾದ ಕಥೆ ಅದರದು. ಒಡವೆಯ ಡಬ್ಬಿಯ ಹಾಗೆ ರಟ್ಟಿನ ಪೆಟ್ಟಿಗೆ ಬೇರೆ. ನಮ್ಮ ಮನೆಯಲ್ಲಿ ಅದು ದೀಪಾವಳಿಯ ಎಣ್ಣೆನೀರಿಗೆ ಮತ್ತು ಬೆಂಗಳೂರಿನಿಂದ ನೆಂಟರು ಬಂದಾಗ ಹೊರಗೆ ಬರುತ್ತಿತ್ತು. ಉಳಿದ ದಿನಗಳಿಗೆ ಲೈಫ್‌ಬಾಯ್. ನೆಂಟರು ಹೋದ ಮೇಲೆ ಸವೆದ ಬಿಲ್ಲೆಯನ್ನು ಒಣಗಿಸಿ ಬಟ್ಟೆಯ ಟ್ರಂಕಿನಲ್ಲಿ ಇಡುತ್ತಿದ್ದೆವು.

ಯಾವ ಬಟ್ಟೆ ಎಂಬುದಕ್ಕಿಂತ ಎಲ್ಲಿ ಕೊಂಡದ್ದು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಸಯ್ಯಾಜಿರಾವ್ ರಸ್ತೆಯ ಜವಳಿ ಅಂಗಡಿಗಳಲ್ಲಿ ಬಿಳಿಯ ಹಾಸಿನ ಮೇಲೆ ಕೂರಿಸಿ, ಕಾಫಿ ತರಿಸಿ, ಮೂವತ್ತು ಸೀರೆ ಬಿಡಿಸಿ ಹಾಕುತ್ತಿದ್ದರು. ಅನುಕೂಲಸ್ಥರು ಅಲ್ಲಿ ದುಡ್ಡು ಎಣಿಸುವುದನ್ನು ನಾನು ನೋಡಿದ್ದೇ ಅಪರೂಪ. ‘ಲೆಕ್ಕಕ್ಕೆ ಬರ್ಕೊಳ್ಳಿ’ ಎಂದು ಹೇಳಿ ಎದ್ದು ಬರುತ್ತಿದ್ದರು. ತಿಂಗಳ ಕೊನೆಯಲ್ಲೋ ಫಸಲು ಬಂದ ಮೇಲೋ ಯಜಮಾನರು ತೀರಿಸುತ್ತಿದ್ದರು. ಇನ್ನೊಂದು ಕಡೆ ಸಂತೇಪೇಟೆ. ಅಲ್ಲಿ ನಿಂತುಕೊಂಡೇ ವ್ಯಾಪಾರ, ಕೈಯಲ್ಲಿ ಕಾಸಿದ್ದರೆ ಸೀರೆ. ಮೂರನೆಯವನು ಬಟ್ಟೆಯ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಬಾಗಿಲಿಗೆ ಬರುತ್ತಿದ್ದವನು. ಹಿಂದಿನ ಬೀದಿಯ ಹೆಂಗಸರೆಲ್ಲ ಅವನ ಗಿರಾಕಿಗಳು. ವಾರಕ್ಕೆ ಇಷ್ಟು ಎಂದು ಕಂತು, ಅವನ ಕಿರುಪುಸ್ತಕದಲ್ಲಿ ಗೀಟು. ಕಂತೆಲ್ಲ ಕೂಡಿಸಿದರೆ ಸಂತೇಪೇಟೆಯ ಬೆಲೆಗಿಂತ ಎಷ್ಟೋ ಹೆಚ್ಚಾಗುತ್ತಿತ್ತು. ಅದು ಅವರಿಗೆ ತಿಳಿಯದೆ ಏನಲ್ಲ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದಾಕೆ ಒಮ್ಮೆ ಅಮ್ಮನ ಹತ್ತಿರ ಹೇಳಿದ್ದಳು: ‘ಒಟ್ಟಿಗೆ ದುಡ್ಡಿದ್ರೆ ನಾನೂ ಪ್ಯಾಟೆಗೇ ಹೋಗ್ತಿದ್ದೆ ಕಣವ್ವಾ. ವಾರದ ದುಡ್ಡು ವಾರಕ್ಕೇ ಬಂದು ವಾರಕ್ಕೇ ಹೋಯ್ತದೆ.’

ಈಗ ಹೆಸರುಗಳನ್ನು ಗಮನಿಸಿ. ವಕೀಲರ ಮನೆಯವರದು ‘ಲೆಕ್ಕ’, ಆಕೆಯದು ‘ಸಾಲ’. ನಮ್ಮಮ್ಮ ಪ್ರೈಮರಿ ಶಾಲೆಯ ಉಪಾಧ್ಯಾಯಿನಿ. ನಿಗಮದ ಮಳಿಗೆಯಲ್ಲಿ ಸರ್ಕಾರಿ ನೌಕರರಿಗೆ ಕಂತಿನ ಸೌಲಭ್ಯ ಬಂದ ಮೇಲೆ ಅಮ್ಮನೂ ಒಂದು ಮೈಸೂರು ಸಿಲ್ಕ್ ತೆಗೆದುಕೊಂಡರು, ಕಡು ನೇರಳೆ ಬಣ್ಣದ್ದು. ಅಮ್ಮನ ಕಂತಿಗೆ ‘ಸೌಲಭ್ಯ’ ಎಂದು ಹೆಸರು. ಅದು ಸಂಬಳದಲ್ಲೇ ಮುರಿದುಹೋಗುತ್ತಿತ್ತು, ಬೀದಿಯವರಿಗೆ ತಿಳಿಯುತ್ತಿರಲಿಲ್ಲ. ಸೈಕಲ್ಲಿನವನು ಮಾತ್ರ ಶನಿವಾರ ಸಂಜೆ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಿದ್ದ.

ಷೋಕಿ ಬೇಡ ಎಂದು ಹೇಳಿದವರು ನಮ್ಮಲ್ಲಿ ಬೇಕಾದಷ್ಟು ಜನ ದೊಡ್ಡವರಿದ್ದಾರೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ತಿರುಗಿ ಸುರಿದು ಬನ್ನಿ ಎಂದು ಕಳಿಸಿದ ಕಥೆ ಎಲ್ಲರ ಬಾಯಲ್ಲೂ ಇದೆ. ಆದರೆ ಲಕ್ಕಮ್ಮ ಹೇಳಿದ್ದು ತನ್ನ ಮನೆಗೆ, ತನ್ನ ಗಂಡನಿಗೆ. ಪಕ್ಕದ ಮನೆಯವಳ ಸೆರಗು ಹಿಡಿದು ಹೇಳಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಣೆಗೆಂದು ನಂದಿಬೆಟ್ಟಕ್ಕೆ ಬಂದವರು ಸಂಸ್ಥಾನದಲ್ಲಿ ಓಡಾಡಿ, ನಂಜನಗೂಡಿನ ಹತ್ತಿರದ ಬದನವಾಳಿನ ಖಾದಿ ಕೇಂದ್ರಕ್ಕೂ ಭೇಟಿ ಕೊಟ್ಟರು. ಅವರು ಹೋದಲ್ಲೆಲ್ಲ ಹೆಂಗಸರು ಕೈಯ ಬಳೆ, ಕತ್ತಿನ ಸರ ಬಿಚ್ಚಿ ಕೊಡುತ್ತಿದ್ದ ಕಾಲ. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಹಾಡಿನಲ್ಲಿ ಅಂಬೇಡ್ಕರರು ದಲಿತ ಹೆಂಗಸರನ್ನು ಕೂರಿಸಿಕೊಂಡು ಬೇರೆಯೇ ಮಾತು ಹೇಳಿದರು. ನಿಮ್ಮ ಸೀರೆ ಉಡುವ ರೀತಿ, ತೊಡುವ ದಪ್ಪ ಬೆಳ್ಳಿಯ ಒಡವೆ ನಿಮ್ಮ ಜಾತಿಯನ್ನು ಸಾರುತ್ತಿವೆ; ಮೇಲುಜಾತಿಯವರು ಉಡುವ ಹಾಗೆ ಚೊಕ್ಕಟವಾಗಿ ಉಡಿ ಎಂಬುದು ಅದರ ಸಾರಾಂಶ. ಒಬ್ಬರು ಬಿಚ್ಚಿ ಎಂದರು, ಒಬ್ಬರು ಉಡಿ ಎಂದರು. ಬಿಚ್ಚಲು ಮೈಮೇಲೆ ಏನಾದರೂ ಇರಬೇಕಲ್ಲ! ಎಷ್ಟೋ ಊರುಗಳಲ್ಲಿ ಇಂಥವರು ಇಂಥ ಒಡವೆ ಹಾಕಬಾರದು, ಇಷ್ಟೇ ಉದ್ದದ ಬಟ್ಟೆ ಉಡಬೇಕು ಎಂಬ ಕಟ್ಟಳೆ ಇದ್ದ ದೇಶ ನಮ್ಮದು. ‘ಇವಳ ಷೋಕಿ ನೋಡಿ’ ಎಂಬ ಮಾತಿನ ಬೇರು ಆ ಕಟ್ಟಳೆಯಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಕಟ್ಟಳೆ ಹೋಯಿತು, ನಾಲಗೆ ಉಳಿಯಿತು.

ಖಾದಿಯ ವಿಷಯವೂ ಸ್ವಲ್ಪ ತಮಾಷೆಯದೇ. ನಯವಾದ ಖಾದಿ ಸೀರೆ ಯಾವಾಗಲೂ ಮಿಲ್ ಸೀರೆಗಿಂತ ದುಬಾರಿ. ಅಕ್ಟೋಬರಿನ ರಿಯಾಯಿತಿಗೆ ಕಾದು ಕೊಳ್ಳುತ್ತಿದ್ದವರು ಮಧ್ಯಮ ವರ್ಗದವರೇ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕೈಮಗ್ಗಕ್ಕೆ, ಕರಕುಶಲ ಕಲೆಗೆ ಹೋರಾಡಿ ಹೋರಾಡಿ ಮರುಹುಟ್ಟು ಕೊಟ್ಟ ಮೇಲೆ ಕೈಮಗ್ಗದ ಸೀರೆ ಓದಿದ ಹೆಂಗಸರ ಅಭಿರುಚಿಯ ಗುರುತಾಯಿತು. ಅಷ್ಟು ಹೊತ್ತಿಗೆ ಕೂಲಿಗೆ ಹೋಗುವ ಹೆಂಗಸರು ನೈಲಾನ್, ಪಾಲಿಯೆಸ್ಟರ್ ಹಿಡಿದಿದ್ದರು. ಗಂಜಿ ಬೇಡ, ಇಸ್ತ್ರಿ ಬೇಡ, ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಉಡಬಹುದು. ಎರಡೇ ಸೀರೆ ಇರುವವರಿಗೆ ಇದು ಎಷ್ಟು ದೊಡ್ಡ ವಿಷಯ ಎಂಬುದು ಹತ್ತು ಸೀರೆ ಇರುವವರಿಗೆ ಹೇಗೆ ತಿಳಿಯಬೇಕು? ‘ಏನು ಕೆಟ್ಟ ಟೇಸ್ಟಪ್ಪಾ, ಆ ಮಿರಿಮಿರಿ ಹೂಗಳು’ ಎಂದು ಕೈಮಗ್ಗ ಉಟ್ಟವರು ಮೂಗು ಮುರಿದರು. ಉಳ್ಳವರು ಸಾದಾ ಉಟ್ಟರೆ ‘ಎಷ್ಟು ಸರಳ!’ ಎಂದು ಹೊಗಳಿಕೆ. ಇಲ್ಲದವಳು ಜೀವಮಾನವೆಲ್ಲ ಸಾದಾ ಉಟ್ಟರೂ ಅದನ್ನು ಸರಳತೆ ಎಂದವರಿಲ್ಲ.

ಚಿನ್ನದ ಮಾತಿಲ್ಲದೆ ಈ ಚರಿತ್ರೆ ಮುಗಿಯದು. 1962ರಲ್ಲಿ ಚೀನಾ ಯುದ್ಧವಾದಾಗ ರಕ್ಷಣಾ ನಿಧಿಗೆ ಹೆಂಗಸರು ಬಳೆ ಬಿಚ್ಚಿ ಕೊಟ್ಟರು. ಅದರ ಬೆನ್ನಿಗೆ 1963ರ ಜನವರಿಯಲ್ಲಿ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿಯವರ ಚಿನ್ನದ ನಿಯಂತ್ರಣ ಬಂತು. ಹೊಸದಾಗಿ ಮಾಡುವ ಒಡವೆ 14 ಕ್ಯಾರೆಟ್ ಮೀರಬಾರದು. ಅಂದರೆ ನೂರಕ್ಕೆ ಸುಮಾರು 58 ಭಾಗ ಚಿನ್ನ, ಮಿಕ್ಕದ್ದು ಬೇರೆ ಲೋಹ. ಹೆಂಗಸರ ಚಿನ್ನದ ಹುಚ್ಚು ಬಿಡಿಸಿದರೆ ವಿದೇಶಿ ವಿನಿಮಯ ಉಳಿಯುತ್ತದೆ ಎಂಬ ಲೆಕ್ಕಾಚಾರ. ಹುಚ್ಚು ಬಿಡಲಿಲ್ಲ. ಬೀದಿಪಾಲಾದವರು ಅಕ್ಕಸಾಲಿಗರು. ಕುಲುಮೆ ಆರಿಸಿ ಬೇರೆ ಕೆಲಸ ಹುಡುಕಿಕೊಂಡು ಹೋದ ಮನೆಗಳು ಎಲ್ಲ ಊರುಗಳಲ್ಲೂ ಇದ್ದವು, ಜೀವ ಕಳೆದುಕೊಂಡವರೂ ಇದ್ದರು. 1968ರಲ್ಲಿ ಅದು ಪೂರ್ಣ ಕಾಯಿದೆಯಾಗಿ, 1990ರಲ್ಲಿ ರದ್ದಾಯಿತು. ಅಷ್ಟು ವರ್ಷವೂ ಚಿನ್ನ ಕಳ್ಳದಾರಿಯಲ್ಲಿ ಬರುತ್ತಲೇ ಇತ್ತು.

ಆ ಹುಚ್ಚಿನ ಒಂದು ಲೆಕ್ಕವನ್ನು ನಾನೂ ಕೊಡುತ್ತೇನೆ. ಅಜ್ಜಿಯ ನಾಲ್ಕು ಬಳೆಗಳಲ್ಲಿ ಎರಡು ಅಮ್ಮನಿಗೆ ಬಂದವು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಅವು ಅಶೋಕ ರಸ್ತೆಯ ಗಿರವಿ ಅಂಗಡಿಗೆ ಹೋಗುತ್ತಿದ್ದವು. ನನ್ನ ಮತ್ತು ತಮ್ಮನ ಕಾಲೇಜು ಫೀಸು ಕಟ್ಟುವ ತಿಂಗಳು ಅದು. ದಸರಾ ಹೊತ್ತಿಗೆ ಬಿಡಿಸಿಕೊಂಡು ಬರುತ್ತಿದ್ದೆವು, ಬೊಂಬೆ ಕೂರಿಸುವಾಗ ಅಮ್ಮನ ಕೈಯಲ್ಲಿ ಬಳೆ ಇರುತ್ತಿತ್ತು. ನನ್ನ ಬಿ.ಎ. ಮುಗಿಯುವವರೆಗೂ ಹೀಗೆಯೇ ನಡೆಯಿತು. ಅಮ್ಮನ ಬಳೆ ಊರಿನವರಿಗೆ ಕಂಡದ್ದು ದಸರೆಯಲ್ಲಿ. ಜೂನ್ ತಿಂಗಳ ಬರಿಗೈ ಯಾರ ಕಣ್ಣಿಗೂ ಬೀಳಲಿಲ್ಲ. ಹಿಂದಿನ ಬೀದಿಯವರದು ಇನ್ನೂ ಕಠಿಣ. ಅವರ ಕಿವಿಯ ಓಲೆ ಮಳೆಗಾಲದಲ್ಲಿ ಹೋದರೆ ಎಷ್ಟೋ ಸಲ ಹಿಂದಕ್ಕೆ ಬರುತ್ತಲೇ ಇರಲಿಲ್ಲ. ಬಡ್ಡಿಯೇ ನುಂಗಿಹಾಕುತ್ತಿತ್ತು. ಹೊಲದಲ್ಲಿ ಪಾಲಿಲ್ಲ, ಬ್ಯಾಂಕಿನಲ್ಲಿ ಹೆಸರಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾದ ಹಕ್ಕು ಬಂದದ್ದೇ 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಅಲ್ಲಿಯವರೆಗೆ ಕಿವಿಯಲ್ಲಿ ಇದ್ದಷ್ಟೇ ಆಸ್ತಿ.

ಅದೂ ಎಂಥ ಆಸ್ತಿ! ಮಾರಲು ಹೋದರೆ ‘ಇದರಲ್ಲಿ ತಾಮ್ರ ಜಾಸ್ತಿ ಇದೆಯಮ್ಮ’ ಎಂದು ಒರೆಗಲ್ಲಿಗೆ ಉಜ್ಜಿ ಹೇಳಿದ್ದೇ ಮಾತು. ಗುರುತಿನವರಿಗೆ ಒಂದು ತೂಕ, ಗುರುತಿಲ್ಲದವರಿಗೆ ಇನ್ನೊಂದು. ಚಿನ್ನಕ್ಕೆ ಹಾಲ್‌ಮಾರ್ಕ್ ಮುದ್ರೆ 2000ದಲ್ಲಿ ಆರಂಭವಾಗಿ, 2021ರಿಂದ ಹಂತಹಂತವಾಗಿ ಕಡ್ಡಾಯವಾಯಿತು. ಈಗ ಮುದ್ರೆಯ ಜೊತೆಗೆ ಆರು ಅಕ್ಷರ-ಅಂಕಿಗಳ ಸಂಖ್ಯೆಯೂ ಇರುತ್ತದೆ. ಬಡವರ ಪಾಲಿಗೆ ಇದು ಎಷ್ಟು ಒಳ್ಳೆಯದೆಂದು ನಾವು ಸಾಕಷ್ಟು ಹೇಳಿಲ್ಲ. ಮುದ್ರೆಗೆ ಗುರುತಿನವರು, ಗುರುತಿಲ್ಲದವರು ಎಂಬ ಭೇದವಿಲ್ಲವಲ್ಲ.

1991ರ ನಂತರ ಅಂಗಡಿಗಳು ದೊಡ್ಡವಾದವು, ಗಾಜಿನ ಬಾಗಿಲು ಬಂದವು, ಒಳಗೆ ಏ.ಸಿ. ಬಂತು. ಬಿಳಿಯ ಹಾಸು ಹೋಗಿ ಕುರ್ಚಿ ಬಂತು. ಲೆಕ್ಕದ ಪುಸ್ತಕದ ಜಾಗಕ್ಕೆ ಕಾರ್ಡು ಬಂತು. ಸೈಕಲ್ಲಿನವನು ಮೋಟಾರ್ ಸೈಕಲ್ ಕೊಂಡ. ಆದರೆ ಗಾಜಿನ ಬಾಗಿಲನ್ನು ಯಾರು ಸಲೀಸಾಗಿ ತಳ್ಳುತ್ತಾರೆ, ಯಾರು ಹೊರಗೆ ಚಪ್ಪಲಿ ಬಿಟ್ಟು ಹೋಗಬೇಕೇನೋ ಎಂದು ನಿಂತು ನೋಡುತ್ತಾರೆ ಎಂಬುದನ್ನು ದೇವರಾಜ ಮಾರ್ಕೆಟ್ಟಿನ ಎದುರು ಬಸ್ಸಿಗೆ ಕಾಯುತ್ತ ಅರ್ಧ ಗಂಟೆ ನಿಂತರೆ ನೀವೂ ನೋಡಬಹುದು.

2018ರಲ್ಲಿ ಹಬ್ಬದ ಸಮಯಕ್ಕೆ ಮೈಸೂರು ಸಿಲ್ಕ್ ಸೀರೆಯನ್ನು 4,500 ರೂಪಾಯಿಗೆ ಕೊಡುವುದಾಗಿ ಪ್ರಕಟವಾಯಿತು. ಒಬ್ಬರಿಗೆ ಒಂದೇ, ಆಧಾರ್ ಕಾರ್ಡು ತೋರಿಸಬೇಕು. ಮಳಿಗೆಗಳ ಮುಂದೆ ಉದ್ದುದ್ದ ಸಾಲು. ನಮ್ಮ ಮಹಿಳಾ ಸಮಾಜದ ಗೆಳತಿಯೊಬ್ಬರು ಅಂದು ಮಧ್ಯಾಹ್ನ ಫೋನು ಮಾಡಿ, ‘ರೇಷ್ಮೆ ಸೀರೆ ಇಲ್ಲದೆ ಇವರಿಗೆ ಹಬ್ಬ ಆಗಲ್ವೇನ್ರೀ? ಕೆಲಸ ಬಿಟ್ಟು ಬಂದು ನಿಂತಿದಾರೆ’ ಎಂದರು. ಈಚಿನ ವರ್ಷಗಳಲ್ಲಿ ಇಪ್ಪತ್ತು ಸಾವಿರ ಮೀರಿದ ಸೀರೆಗೆ ಬೆಳಗಿನ ಜಾವವೇ ಎದ್ದು ಹೋಗಿ ಸಾಲು ನಿಲ್ಲುವವರಿದ್ದಾರೆ. ಆ ಗೆಳತಿಯೂ ಹೋಗಿ ನಿಂತು ಬಂದರು. ‘ಎಷ್ಟೇ ಆಗಲಿ ನಮ್ಮ ಮೈಸೂರಿನ ಪರಂಪರೆ ಅಲ್ವಾ’ ಎಂದು ಸಂತೋಷದಿಂದ ತೋರಿಸಿದರು. ಸೀರೆ ನಿಜಕ್ಕೂ ಚೆನ್ನಾಗಿತ್ತು, ಹಾಗೆಂದು ಹೇಳಿದೆ. ಹಿಂದಿನ ಸಾಲಿಗೂ ಇದೇ ಪರಂಪರೆಯಲ್ಲವೇ ಎಂದೂ ಕೇಳಿದೆ. ಅವರು ಕಾಫಿಗೆ ಸಕ್ಕರೆ ಎಷ್ಟು ಎಂದರು.

ತಿರುಮಕೂಡಲು ನರಸೀಪುರದ ಕಡೆ ನಮ್ಮ ನೆಂಟರಿದ್ದಾರೆ. ಅವರ ಮನೆಯ ಹಿಂದಿನ ಸಾಲಿನಲ್ಲಿ ನೂಲು ಬಿಚ್ಚಾಣಿಕೆಯ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಹೆಂಗಸಿದ್ದಾರೆ, ನನಗಿಂತ ಸ್ವಲ್ಪ ದೊಡ್ಡವರು. ಕುದಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯುವ ಕೆಲಸ. ದಿನವೆಲ್ಲ ಬಿಸಿನೀರಿನಲ್ಲಿದ್ದ ಬೆರಳುಗಳ ತುದಿ ಇವತ್ತಿಗೂ ನಯವಾಗಿ, ರೇಖೆಯೇ ಇಲ್ಲದ ಹಾಗೆ ಇವೆ. ಅವರನ್ನು ಕೇಳಿದೆ, ‘ಅಕ್ಕಾ, ನೀವು ಒಂದಾದರೂ ಮೈಸೂರು ಸಿಲ್ಕ್ ತಗೊಂಡ್ರಾ?’ ತಗೊಂಡಿದ್ದರಂತೆ, ಚೀಟಿ ಎತ್ತಿದ ದುಡ್ಡಿನಲ್ಲಿ, ಗಿಳಿಹಸಿರಿನದು. ಟ್ರಂಕಿನಿಂದ ತೆಗೆದು, ಹಳೆಯ ಪಂಚೆ ಬಿಚ್ಚಿ ತೋರಿಸಿದರು. ಮಡಿಕೆ ಮುರಿದಿರಲಿಲ್ಲ.

‘ಉಟ್ಟೇ ಇಲ್ವಲ್ಲಾ!’ ಎಂದೆ.

‘ಒಂದ್ಸಲ ಉಟ್ಟಿದ್ದೆ, ಮಗಳ ಮದುವೇಲಿ. ಬೀಗರ ಕಡೆಯೋರು ಯಾರ ಮನೇದು ಇಸ್ಕೊಂಡು ಬಂದಿದೀರಿ ಅಂತ ಕೇಳಿದ್ರು. ಆಮೇಲೆ ಉಡಲಿಲ್ಲ’ ಎಂದು ಹೇಳಿ, ಸೀರೆಯನ್ನು ಅದೇ ಮಡಿಕೆಯ ಮೇಲೆ ಮಡಿಸಿ ಪಂಚೆ ಸುತ್ತಿದರು.